ಒಂದು ಬಟ್ಟಲು ಹೆಪ್ಪು, ಹದಿನೆಂಟು ನಿಮಿಷ

ನಮ್ಮ ಮನೆಯಲ್ಲಿ ಈಗ ನನ್ನ ಮಾತಿಗಿಂತ ಮೊಸರಿನ ಬಟ್ಟಲಿಗೆ ಬೆಲೆ ಹೆಚ್ಚು. ನಾನು ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, ನನ್ನ ಹೆಂಡತಿ ಕಲಾವತಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಕಡೆ ಒಮ್ಮೆ ನೋಡುತ್ತಾಳೆ. ನಾನು ಬಾಯಿ ಮುಚ್ಚುತ್ತೇನೆ. ಇಪ್ಪತ್ತೆರಡು ವರ್ಷ ಕಾಲೇಜಿನ ಗ್ರಂಥಪಾಲಕನಾಗಿ ಸಾವಿರಾರು ಹುಡುಗರಿಗೆ ‘ಸದ್ದು!’ ಎಂದು ಗದರಿದವನಿಗೆ ಬಂದ ಗತಿ ಇದು. ಯಾಕೆ ಹೀಗಾಯಿತೆಂದು ಹೇಳಿಬಿಡುತ್ತೇನೆ. ನಗುವುದಾದರೆ ನಗಿ. ನಡುವೆ ಒಂದು ಕಡೆ ನನಗೇ ನಗು ಬರುವುದಿಲ್ಲ. ಅಲ್ಲಿ ನೀವೂ ಸ್ವಲ್ಪ ಸುಮ್ಮನಿರಬೇಕೆಂದು ವಿನಂತಿ.

ನನ್ನ ಹೆಸರು ಶಿವಪ್ರಕಾಶ. ಹುಟ್ಟಿದ್ದು ರೋಣದ ಕಡೆ, ಹೊಟ್ಟೆಪಾಡು ಸೋಲದೇವನಹಳ್ಳಿಯ ಒಂದು ಕಾಲೇಜಿನಲ್ಲಿ, ವಾಸ ಚಿಕ್ಕಬಾಣಾವರ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ನನ್ನ ಸೇವಾವಧಿಯಲ್ಲಿ ಗ್ರಂಥಾಲಯದಿಂದ ಕಾಣೆಯಾದ ಪುಸ್ತಕಗಳು ಒಟ್ಟು ಮೂರು. ಮೂರೂ ಯಾರ ಮನೆಯ ಕಪಾಟಿನಲ್ಲಿವೆ ಎಂದು ನನಗೆ ಗೊತ್ತು. (ಒಂದು ಪ್ರಾಂಶುಪಾಲರ ಮನೆಯಲ್ಲಿದೆ. ಆದ್ದರಿಂದ ಸುಮ್ಮನಿದ್ದೇನೆ.) ಯಾರು ಒಯ್ದರು, ಯಾವಾಗ ಒಯ್ದರು, ಯಾವಾಗ ತಂದರು, ಇಷ್ಟನ್ನು ಬರೆದಿಟ್ಟರೆ ಲೋಕದಲ್ಲಿ ಯಾವುದೂ ಕಳೆದುಹೋಗುವುದಿಲ್ಲ ಎಂಬುದು ನನ್ನ ಜೀವನಸಿದ್ಧಾಂತ.

ಕೊರೊನಾದ ಎರಡನೆಯ ಅಲೆ ಬಂದ ಮೇ ತಿಂಗಳು. ಕಾಲೇಜಿಗೆ ಬೀಗ. ಹೆಸರಘಟ್ಟ ರಸ್ತೆಯಲ್ಲಿ ಆಂಬುಲೆನ್ಸುಗಳ ಕೂಗು ಬಿಟ್ಟರೆ ಬೇರೆ ಸದ್ದಿಲ್ಲ. ‘ಸದ್ದು!’ ಎನ್ನಲು ಯಾರೂ ಸಿಗದೆ ನನ್ನ ಗಂಟಲು ತುಕ್ಕು ಹಿಡಿಯತೊಡಗಿತ್ತು. ದಿನಾ ಬೆಳಿಗ್ಗೆ ಫೋನು ತೆರೆದರೆ ಗೊತ್ತಿದ್ದವರ ಫೋಟೋ, ಕೆಳಗೆ ಹೂವಿನ ಚಿತ್ರ. ಹೆದರಿಕೆ ಎಲ್ಲರಿಗೂ ಇತ್ತು. ನನಗೆ ಹೆದರಿಕೆಯಾದರೆ ರಿಜಿಸ್ಟರು ತೆರೆಯುವುದು ಅಭ್ಯಾಸ.

ನಮ್ಮ ಕಟ್ಟಡದಲ್ಲಿ ಆರು ಮನೆ. ಅದರಲ್ಲಿ ಮೂರಕ್ಕೆ ಬೀಗ, ಊರಿಗೆ ಹೋಗಿದ್ದರು. ಉಳಿದ ಮೂರರಲ್ಲಿ, ಕೆಳಗೆ ಮನೆಯ ಮಾಲೀಕರು ಆಂಜಿನಪ್ಪ. ಹೆಂಡತಿ ತೀರಿಕೊಂಡ ಮೇಲೆ ಹಿತ್ತಲಿನ ಗೌರಿ ಎಂಬ ಹಸುವೇ ಅವರ ಸಂಸಾರ. ಮೊದಲ ಮಹಡಿಯಲ್ಲಿ ನಾನು, ಕಲಾವತಿ, ನನ್ನ ತಾಯಿ ಕಾಶವ್ವ. ಎರಡನೆಯದರಲ್ಲಿ ಗಯಾಸ್, ಅವರ ಹೆಂಡತಿ ಮಲ್ಕಾ, ಮತ್ತು ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು ಅನೀಸಾ. ಅವಳಿಗೆ ಎಂಟು ತಿಂಗಳು ನಡೆಯುತ್ತಿತ್ತು. ಗಂಡ ಕಲಬುರಗಿಯಲ್ಲಿ, ಲಾಕ್‌ಡೌನಿನಲ್ಲಿ ಬರುವಂತಿಲ್ಲ. ಈ ಅನೀಸಾ ನಮ್ಮ ಕಾಲೇಜಿನಲ್ಲೇ ಓದಿದವಳು. ಮೂರು ವರ್ಷದಲ್ಲಿ ಒಂದು ಪುಸ್ತಕವನ್ನೂ ಒಂದು ದಿನವೂ ತಡಮಾಡಿದ ಹುಡುಗಿಯಲ್ಲ. ಅಂಥವಳನ್ನು ಕಂಡರೆ ನನ್ನಂಥವನಿಗೆ ಮಗಳನ್ನು ಕಂಡಷ್ಟು ಪ್ರೀತಿ.

ಒಟ್ಟು ಮೂರು ಮನೆ, ಏಳು ಜನ, ಒಂದು ಹಸು. ಈ ಸಾಮ್ರಾಜ್ಯಕ್ಕೆ ನಾನು ಒಂದು ಡಿಜಿಟಲ್ ಸಂಪರ್ಕ ಪತ್ತೆ ವ್ಯವಸ್ಥೆಯನ್ನು ಸ್ಥಾಪಿಸಿದೆ.

ಸರ್ಕಾರದ ಆ್ಯಪ್ ಎಲ್ಲರ ಫೋನಿನಲ್ಲೂ ಇತ್ತು. ಆದರೆ ಅದು ಒಂದು ಫೋನು ಇನ್ನೊಂದರ ಹತ್ತಿರ ಬಂದಾಗ ಗುರುತಿಟ್ಟುಕೊಳ್ಳುವಂಥದ್ದು. ನಮ್ಮಲ್ಲಿ ಫೋನುಗಳು ಮನುಷ್ಯರ ಜೊತೆ ಇದ್ದರೆ ತಾನೆ? ನನ್ನ ತಾಯಿಯ ಫೋನು ವಿಭೂತಿಗಟ್ಟಿಯ ಜೊತೆ ಚೀಲದಲ್ಲಿ, ಟ್ರಂಕಿನ ಒಳಗೆ. ಆಂಜಿನಪ್ಪನವರ ಫೋನು ಕೊಟ್ಟಿಗೆಯ ಗೂಟಕ್ಕೆ ಕಟ್ಟಿದ್ದು, ಸದಾ ಭಕ್ತಿಗೀತೆ.

“ಆಡು ಆಕ್ದೆ ಓದ್ರೆ ಗೌರಿ ಆಲು ಇಳ್ಸಾಕಿಲ್ಲ ಸಾ. ನಾನೇನ್ ಮಾಡ್ಲಿ?” ಎಂದರು ಅವರು. ಅಂದರೆ ಹಾಡಿಲ್ಲದೆ ಹಾಲಿಲ್ಲ. ಆ್ಯಪಿನ ಲೆಕ್ಕದಲ್ಲಿ ಕಟ್ಟಡದ ಅತ್ಯಂತ ಸುರಕ್ಷಿತ ಜೀವಿ ಗೌರಿ.

ಆದ್ದರಿಂದ ನಾನು ಒಂದು ಫಾರ್ಮು ಮಾಡಿ, ಅದಕ್ಕೆ ‘ಸಂಪರ್ಕ ಸಂಗ್ರಹ’ ಎಂದು ನಾಮಕರಣ ಮಾಡಿ, ಮೂರು ಬಾಗಿಲಿಗೂ ಕ್ಯೂಆರ್ ಕೋಡು ಅಂಟಿಸಿದೆ. ಯಾರಾದರೂ ಇನ್ನೊಬ್ಬರ ಬಾಗಿಲಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ನಿಂತರೆ ಸ್ಕ್ಯಾನ್ ಮಾಡಬೇಕು. ಬಂದವರು ಯಾರು, ಎಷ್ಟು ನಿಮಿಷ, ಮಾಸ್ಕ್ ಇತ್ತೇ, ಬಂದ ಕಾರಣವೇನು, ಎಲ್ಲ ತುಂಬಬೇಕು. ಇದು ಸರಿಯಾಗಿ ನಡೆಯುತ್ತಿದೆಯೇ ಎಂದು ನಾನೇ ಮೇಲೆ ಕೆಳಗೆ ಓಡಾಡಿ ತಪಾಸಣೆ ಮಾಡುತ್ತಿದ್ದೆ.

“ಏನಪಾ ಇದು? ಮನಿ ಬಾಗಲಕ್ಕ ಚುಕ್ಕಿಚುಕ್ಕಿ?” ಎಂದು ಕೇಳಿದಳು ನನ್ನ ತಾಯಿ.

“ಯವ್ವಾ, ಇದನ್ನ ಫೋನಿಗೆ ತೋರಿಸಿದ್ರ ಯಾರು ಯಾರ ಮನಿಗೆ ಬಂದ್ರು ಅಂತ ಗೊತ್ತಾಗ್ತದ.”

“ಬಾಗಲಾ ತಗದ್ರ ಗೊತ್ತಾಗಂಗಿಲ್ಲೇನು?”

ನಾನು ಚುಕ್ಕಿಚುಕ್ಕಿಯ ಮೂಲೆಗಳನ್ನು ಇನ್ನೊಮ್ಮೆ ಒತ್ತಿ ಅಂಟಿಸಿದೆ.

ಒಂಬತ್ತು ದಿನ ಕಳೆಯಿತು. ಫಾರ್ಮಿನಲ್ಲಿ ಸೊನ್ನೆ ನಮೂದು. ಜನ ಎಷ್ಟು ಶಿಸ್ತಾಗಿದ್ದಾರೆ ನೋಡು ಎಂದು ನಾನು ಅದನ್ನು ಗ್ರಾಫು ಮಾಡಿ, ಬಣ್ಣದಲ್ಲಿ ಪ್ರಿಂಟು ತೆಗೆದು ಕಲಾವತಿಗೆ ತೋರಿಸಿದೆ. ಕಾಗದದ ಈ ತುದಿಯಿಂದ ಆ ತುದಿಗೆ ಒಂದೇ ನೇರ ಗೆರೆ.

ಅವಳು ಸೌಟು ಹಿಡಿದುಕೊಂಡೇ ನೋಡಿದಳು. “ದವಾಖಾನ್ಯಾಗ ಜೀವಾ ಹೋದ ಮ್ಯಾಲೆ ಮಷೀನಿನ್ಯಾಗ ಹಿಂಗ ಗೆರಿ ಬರ್ತೈತಲ್ರೀ,” ಎಂದಳು.

“ನಿನಗ ಒಳ್ಳೇ ಮಾತೇ ಬರೂದಿಲ್ಲ.”

“ನಿಮಗ ಒಳ್ಳೇ ಗೆರಿ ಬರೂದಿಲ್ಲ. ಏಳು ಮಂದಿ ಒಂಬತ್ತು ದಿನಾ ಒಬ್ಬರ ಬಾಗಲಕ್ಕೊಬ್ರು ಹೋಗಿಲ್ಲಂದ್ರ ಯಾರು ನಂಬ್ಯಾರು?”

ನಾನು ನಂಬಿದ್ದೆ. ಅದೇ ತೊಂದರೆಯಾಗಿದ್ದು.

ಇನ್ನು ಹೆಪ್ಪಿನ ವಿಷಯ. (ರೋಗಕ್ಕೂ ಹೆಪ್ಪಿಗೂ ಏನು ಸಂಬಂಧ ಎನ್ನಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ.)

ಮೊದಲು ಒಂದು ತಪ್ಪೊಪ್ಪಿಗೆ. ಮಧ್ಯಾಹ್ನ ಊಟವಾಗಿ ಅತ್ತೆ ಸೊಸೆ ಇಬ್ಬರೂ ಒರಗಿದ ಮೇಲೆ ನಾನು ಒಂದು ಚಮಚದೊಡನೆ ಅಡುಗೆಮನೆಗೆ ಹೋಗಿ, ಮೊಸರಿನ ಗಡಿಗೆಯ ಜೊತೆ, ಒಮ್ಮೊಮ್ಮೆ ಅದರ ತಳ ಕಾಣುವವರೆಗೆ, ಏಕಾಂತದಲ್ಲಿರುತ್ತಿದ್ದೆ. ವೈದ್ಯರು ನನಗೆ ಕೆನೆಮೊಸರು ಬೇಡ ಎಂದಿದ್ದಾರೆ, ಆದ್ದರಿಂದ ಏಕಾಂತ. ಗಡಿಗೆ ಬರಿದಾಗುವುದಕ್ಕೆ ಕಿಟಕಿಯಿಂದ ಬರುವ ಬೆಕ್ಕು ಕಾರಣವೆಂದು ಮನೆಯವರು ನಂಬಿದ್ದಾರೆಂದು ನಾನು ನಂಬಿದ್ದೆ. (ನನ್ನ ನಂಬಿಕೆಗಳ ಪಟ್ಟಿ ಉದ್ದವಾಗುತ್ತಿದೆ.)

ಸಂಜೆ ಆಂಜಿನಪ್ಪನವರು ಕರೆದ ಹಾಲು ಬಂದು, ಕಾದು, ಆರಿ, ಉಗುರುಬೆಚ್ಚಗಾಗುವ ಹೊತ್ತಿಗೆ ದೇವರ ಮುಂದೆ ದೀಪ ಹಚ್ಚಿಯಾಗಿರುತ್ತದೆ. ಆಗ ನೋಡಿದರೆ ಹೆಪ್ಪಿಗೆ ಒಂದು ಚಮಚ ಮೊಸರೂ ಇಲ್ಲ! ಪಕ್ಕದ ಮನೆಯಿಂದ ತರೋಣವೆಂದರೆ ನನ್ನ ತಾಯಿಯ ಶಾಸ್ತ್ರ ಅಡ್ಡ ಬರುತ್ತದೆ.

“ದೀಪಾ ಹಚ್ಚಿದ ಮ್ಯಾಲೆ ಹೆಪ್ಪ ಬೇಡಬಾರ್ದು, ಕೊಡಬಾರ್ದು. ಲಕ್ಷ್ಮಿ ಹೊರಗ ನಡದುಬಿಡ್ತಾಳ.”

ಶಾಸ್ತ್ರ ಹೇಳಿದವಳೇ ಅದಕ್ಕೊಂದು ಕಿಂಡಿಯನ್ನೂ ಇಟ್ಟಿದ್ದಳು. ಹೆಣ್ಣುಮಕ್ಕಳು ಹೋಗಬಾರದು, ಗಂಡಸು ಹೋದರೆ ನಡೆಯುತ್ತದೆ. ಬಾಯಿಬಿಟ್ಟು ಹೆಪ್ಪು ಎನ್ನಬಾರದು, ‘ಒಂದೀಟು ಬೆಳ್ಳಂದು ಬೇಕಾಗಿತ್ತು’ ಎನ್ನಬೇಕು. ಮುಖ್ಯವಾಗಿ, ಕೊಟ್ಟವರೂ ಅದನ್ನು ಯಾರಿಗೂ ಹೇಳಬಾರದು, ತಂದವನೂ ಹೇಳಬಾರದು. ಹೇಳಿದರೆ ಮೊಸರು ಕೂಡುವುದಿಲ್ಲ.

ಹೀಗೆ ಮೊಸರು ಖಾಲಿಯಾದ ಸಂಜೆಗಳಲ್ಲಿ ನಾನು ಹೆಗಲ ಮೇಲಿನ ಟವೆಲ್ಲಿನ ಕೆಳಗೆ ಸ್ಟೀಲಿನ ಬಟ್ಟಲು ಮುಚ್ಚಿಕೊಂಡು ಕೆಳಗೋ ಮೇಲೋ ಹೋಗಿಬರುತ್ತಿದ್ದೆ. ಹೋದವನು ಸುಮ್ಮನೆ ಬರುತ್ತೇನೆಯೇ? ಹೇಗೂ ಬಂದೆನಲ್ಲ ಎಂದು ಸಂಪರ್ಕ ಸಂಗ್ರಹದ ಮಹತ್ವವನ್ನು ವಿವರಿಸುತ್ತಿದ್ದೆ. ಮಾಸ್ಕ್ ಹಾಕಿಕೊಂಡು ವಿವರಿಸಿದರೆ ಅರ್ಥವಾಗುವುದಿಲ್ಲವೆಂದು ಅದನ್ನು ಗದ್ದಕ್ಕೆ ಇಳಿಸುತ್ತಿದ್ದೆ. ಇದು ಯಾವುದನ್ನೂ ನಾನು ಫಾರ್ಮಿನಲ್ಲಿ ತುಂಬಲಿಲ್ಲ. ಹೆಪ್ಪಿನ ವಿಷಯ ಹೇಳುವಂತಿಲ್ಲ. ತಪಾಸಣೆಗೆ ಹೋದವನು ಭೇಟಿಗೆ ಬಂದವನಲ್ಲ.

ಒಂದು ಸೋಮವಾರ ಆಂಜಿನಪ್ಪನವರ ಬಾಗಿಲಲ್ಲಿ ಇಪ್ಪತ್ತು ನಿಮಿಷ ನಿಂತೆ. ಅವರು ಎರಡು ಸಲ ಸೀನಿದರು. “ಅಸೀನ ಉಲ್ಲು ದೂಳು ಸಾ,” ಎಂದರು. ಹಸುವಿನ ಹುಲ್ಲಿನ ಧೂಳಿಗೆ ಸೀನು ಬರುವುದು ಸಹಜ ಎಂದು ನಾನೂ ಒಪ್ಪಿಕೊಂಡೆ.

ಅದೇ ಶುಕ್ರವಾರ ಸಂಜೆ ಎರಡನೆಯ ಮಹಡಿಗೆ ಹೋದೆ. ಗಯಾಸ್ ಮನೆಯಲ್ಲಿರಲಿಲ್ಲ, ಮಲ್ಕಾ ಒಳಗೆ ನಮಾಜಿನಲ್ಲಿದ್ದರು. ಅನೀಸಾ ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು ನಿಧಾನವಾಗಿ ಬಂದು ಬಾಗಿಲು ತೆರೆದಳು. ಕೇಳುವ ಮೊದಲೇ ಬಟ್ಟಲು ಇಸಕೊಂಡು ಹೆಪ್ಪು ತಂದುಕೊಟ್ಟಳು. ನಾನು ಬಾಗಿಲ ಕೋಡನ್ನು ತೋರಿಸಿ ಪಾಠ ಶುರುಮಾಡಿದೆ.

“ಸರ್, ಹಾಗಾದ್ರೆ ಇದ್ರಲ್ಲಿ ನಿಮ್ದೂ ಹಾಕ್ಬೇಕಲ್ವಾ?” ಎಂದಳು.

“ನಂದು ಯಾಕಮ್ಮಾ? ನಾನು ಅಡ್ಮಿನ್. ಲೈಬ್ರೇರಿಯನ್ ಲೈಬ್ರರಿಗೆ ಬಂದಿದ್ದಕ್ಕೆ ಸೈನ್ ಮಾಡ್ತಾನೇನು?”

“ನೀವೇ ಹೇಳ್ತಿದ್ರಲ್ಲ ಸರ್, ರಿಜಿಸ್ಟರಲ್ಲಿ ಏನೂ ಬಿಡ್ಬಾರ್ದು, ಸುಳ್ಳು ಬರೀಬಾರ್ದು ಅಂತ,” ಎಂದು ನಕ್ಕಳು.

ನಾನೂ ನಕ್ಕು ಕೆಳಗಿಳಿದೆ. ಮನೆಗೆ ಬಂದು ಫಾರ್ಮು ನೋಡಿದರೆ ಒಂಬತ್ತು ದಿನದ ಸೊನ್ನೆಗಳ ಕೆಳಗೆ ಮೊಟ್ಟಮೊದಲ ನಮೂದು ಕುಳಿತಿದೆ. ‘ಬಂದವರು: ಲೈಬ್ರರಿ ಸರ್. 18 ನಿಮಿಷ. ಮಾಸ್ಕ್: ಗದ್ದದ ಮೇಲೆ. ಕಾರಣ: ಸ್ಕ್ಯಾನ್ ಮಾಡೋದು ಹೇಗೆ ಅಂತ ಹೇಳಿಕೊಟ್ಟರು.’

ಪಾಪ, ಕಲಿಯುತ್ತಿದ್ದಾಳೆ, ಪರೀಕ್ಷೆಗೆಂದು ತುಂಬಿದ್ದಾಳೆ ಎಂದುಕೊಂಡೆ. ಅದನ್ನು ಹಾಗೇ ಉಳಿಸಿದರೆ ನನ್ನ ನೇರ ಗೆರೆ ಕೊನೆಯಲ್ಲಿ ಗೂನು ಬೀಳುತ್ತಿತ್ತು. ಅಳಿಸಿಹಾಕಿದೆ.

ಭಾನುವಾರ ಬೆಳಿಗ್ಗೆ ಆಂಜಿನಪ್ಪನವರಿಗೆ ಪಾಸಿಟಿವ್ ಎಂದು ಬಂತು. ಎರಡು ದಿನದಿಂದ ಜ್ವರವಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಆಂಬುಲೆನ್ಸ್ ಬಂದು ಕರೆದೊಯ್ಯುವಾಗ ಅವರು ನಮ್ಮ ಕಡೆ ನೋಡಲಿಲ್ಲ, ಹಿತ್ತಲ ಕಡೆಯೇ ನೋಡುತ್ತಿದ್ದರು. ಅವರ ತಮ್ಮ ಬಂದು ಗೌರಿಯನ್ನು ಹೊಡೆದುಕೊಂಡು ಹೋದ. ಕೊಟ್ಟಿಗೆಯ ಹಾಡು ನಿಂತಿತು. ಅಷ್ಟು ದಿನ ಅದನ್ನು ಬೈದುಕೊಳ್ಳುತ್ತಿದ್ದ ನಾನು ಅಂದು ಎರಡು ಸಲ ಕಿಟಕಿ ತೆರೆದು ಹಿತ್ತಲಿಗೆ ಬಗ್ಗಿ ನೋಡಿದೆ.

ಹನ್ನೊಂದು ಗಂಟೆಗೆ ಆರೋಗ್ಯ ಕೇಂದ್ರದಿಂದ ಕೀರ್ತಿ ಎಂಬ ಹೆಣ್ಣುಮಗಳು ಬಂದಳು. ನೀಲಿ ಗೌನು, ಮುಖಕ್ಕೆ ಪಾರದರ್ಶಕ ಗುರಾಣಿ, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಟ್ಯಾಬು. ಬಿಸಿಲಿನಲ್ಲಿ ಗೇಟಿನ ಹೊರಗೇ ನಿಂತು ಕೇಳಿದಳು:

“ಸರ್, ಆಂಜಿನಪ್ಪನವ್ರ ಹತ್ರ ಫೋನಲ್ಲಿ ಮಾತಾಡ್ದೆ. ಯಾರ್ ಯಾರು ಸಿಕ್ಕಿದ್ರು ಅಂದ್ರೆ, ಎಲ್ಲಾ ಲೈಬ್ರರಿ ಸಾರು ಬರ್ಕೊಂಡವ್ರೆ, ಅವ್ರನ್ನೇ ಕೇಳಿ ಅಂದ್ರು. ನೀವೇನಾ?”

ನನ್ನ ಎದೆ ಉಬ್ಬಿತು. ನಾನು ಬಣ್ಣದ ಪ್ರಿಂಟನ್ನು ಗೇಟಿನ ಸಂದಿಯಿಂದ ಚಾಚಿದೆ. ಅವಳು ದೂರದಿಂದಲೇ ಓದಿದಳು.

“ಸೊನ್ನೆನಾ?”

“ಸೊನ್ನೆ.”

“ಹತ್ತು ದಿನ, ಒಂದೇ ಕಟ್ಟಡ, ಯಾರೂ ಅವ್ರ ಬಾಗ್ಲಿಗೆ ಹೋಗಿಲ್ವಾ? ಯೋಚ್ನೆ ಮಾಡಿ ಹೇಳಿ ಸರ್. ಹಾಲು ಗೀಲು ತಗೊಳಕ್ಕೆ?”

“ಹಾಲನ್ನು ಅವರು ನಮ್ಮ ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದರು. ಎಲ್ಲವೂ ದಾಖಲೆಯಾಗಿದೆ ತಾಯಿ, ಯೋಚನೆ ಮಾಡುವ ಅಗತ್ಯವೇ ಇಲ್ಲ,” ಎಂದೆ. ಈ ವಾಕ್ಯವನ್ನು ನೀವು ದಯವಿಟ್ಟು ನೆನಪಿಡಬೇಡಿ. ನನಗೆ ಮರೆಯಲಾಗುತ್ತಿಲ್ಲ, ಅಷ್ಟು ಸಾಕು.

“ಸೊನ್ನೆ ಸಂಪರ್ಕ ಅಂತ ತುಂಬಾ ಜನ ಹೇಳಿದಾರೆ ಸರ್. ಪ್ರಿಂಟೌಟ್ ಸಮೇತ ಹೇಳಿದ್ದು ನೀವೇ ಮೊದ್ಲು,” ಎನ್ನುತ್ತಾ ಅವಳು ಟ್ಯಾಬಿನಲ್ಲಿ ಸೊನ್ನೆ ಒತ್ತಿ, ಮಾಹಿತಿ ಕೊಟ್ಟವರು ಎಂಬಲ್ಲಿ ನನ್ನ ಹೆಸರು ಬರೆದುಕೊಂಡಳು. ಬಾಲ್ಕನಿಯಿಂದ ಮಲ್ಕಾ ಬಗ್ಗಿ ಕೇಳಿದರು:

“ಭಾಯಿಸಾಬ್, ನಮ್ಮನೇಗೆ ಏನೂ ಇಲ್ಲ ತಾನೆ? ಇವ್ಳದು ಸ್ಕ್ಯಾನಿಂಗ್‌ಗೆ ಬುಧವಾರ ಹೋಗ್ಬೇಕು. ಅಲ್ಲಿ ಎಲ್ಲಾ ಬಸುರಿ ಹೆಂಗಸ್ರೇ ಕೂತಿರ್ತಾರೆ. ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ. ಅಳಿಯನ ಮನೆಯವ್ರಿಗೆ ನಾನು ಜುಬಾನ್ ಕೊಟ್ಟಿದೀನಿ, ಮಗಳನ್ನೂ ಮಗೂನೂ ಜೋಪಾನವಾಗಿ ಕೊಡ್ತೀನಿ ಅಂತ.”

“ನಿಶ್ಚಿಂತೆಯಿಂದ ಇರಿ! ಡೇಟಾ ಇದೆ!” ಎಂದು ನಾನು ಕೂಗಿದೆ.

ಮಂಗಳವಾರ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆವು. ಗೌರಿ ಹೋದ ಮೇಲೆ ಹೊಸ ಹಾಲಿಲ್ಲ, ಮೂರು ದಿನದ ಮೊಸರೇ ಗತಿ. ನನ್ನ ತಾಯಿ ಒಂದು ತುತ್ತು ಬಾಯಿಗಿಟ್ಟವಳು ಕಣ್ಣು ಮುಚ್ಚಿ ತಲೆ ಕೊಡವಿದಳು.

“ಯಪ್ಪಾ, ಏನು ಹುಳಿ! ಹಲ್ಲು ಚಳತುಬಿಟ್ವು.”

ಕಲಾವತಿಯೂ ಮುಖ ಹಿಂಡಿದಳು. ನಾನು ಎರಡನೆಯ ಸಲ ಬಡಿಸಿಕೊಂಡು, “ಚಲೋ ಐತಲ್ಲ? ಹುಳೀನ ಇಲ್ಲ,” ಎಂದೆ.

ಇಬ್ಬರೂ ನನ್ನ ಕಡೆ ನೋಡಿದರು. ಕಲಾವತಿ ಎದ್ದು ಹೋಗಿ ಉಪ್ಪಿನಕಾಯಿಯ ಒಂದು ಹೋಳು ತಂದು ದೂರದಿಂದ ನನ್ನ ತಟ್ಟೆಗೆ ಹಾಕಿದಳು. ತಿಂದೆ. ರಟ್ಟು ತಿಂದಂತಾಯಿತು. ಆ ಕ್ಷಣದಲ್ಲಿ ನನಗೆ ನನ್ನ ಜೀವದ ಚಿಂತೆ ಬರಲಿಲ್ಲ, ದೇವರಾಣೆ. ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು ಬಾಗಿಲಲ್ಲಿ ನಿಂತ ಅನೀಸಾ ಕಣ್ಣಮುಂದೆ ಬಂದಳು.

“ಒಳಗಿನ ಕೋಣಿಗೆ ನಡೀರಿ. ಬಾಗಲಾ ಹಾಕ್ಕೊಳ್ರಿ,” ಎಂದಳು ಕಲಾವತಿ.

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೇಳಬೇಕು, ಈಗಲೇ ಹೇಳಬೇಕು. ಹೇಳಿದರೆ ಏನೇನು ಹೋಗುತ್ತದೆಂದು ಎಣಿಸಿದೆ. ಸಂಪರ್ಕ ಸಂಗ್ರಹ ಹೋಗುತ್ತದೆ. ಮಧ್ಯಾಹ್ನದ ಮೊಸರು ಹೋಗುತ್ತದೆ. ಸರ್ಕಾರದ ಟ್ಯಾಬಿನಲ್ಲಿ ಸೊನ್ನೆ ಎಂದು ಬರೆಸಿದವನ ಹೆಸರು ಹೋಗುತ್ತದೆ. ಬರೀ ಸುಸ್ತಿಗೆ ರುಚಿ ಹೋಗಿರಬಹುದು, ನಾಳೆ ನೋಡೋಣ ಎಂದೂ ಅಂದುಕೊಂಡೆ. ನಾಳೆ ಬುಧವಾರ. ಹೀಗೆ ಅರ್ಧ ಗಂಟೆ ಕುಳಿತಿದ್ದೆ. ಮೇಲೆ ಒಂದು ಬಸುರಿ ಹುಡುಗಿ ಇದ್ದಳು, ಕೆಳಗೆ ನಾನು ನನ್ನ ಮರ್ಯಾದೆಯನ್ನು ತೂಗುತ್ತಾ ಕುಳಿತಿದ್ದೆ. ನನಗೆ ನಗು ಬರುವುದಿಲ್ಲ ಎಂದೆನಲ್ಲ, ಅದು ಇಲ್ಲಿ.

ಬಾಗಿಲು ಬಡಿದ ಸದ್ದು.

“ರೀ, ಕೇಳ್ರಿ. ನಾನು ಕ್ಯಾಲೆಂಡರ್ ನೋಡಾಕತ್ತೀನಿ,” ಎಂದಳು ಕಲಾವತಿ ಹೊರಗಿನಿಂದ. “ಹೋದ ಸೋಮವಾರ ‘ಆಂ’ ಅಂತೈತಿ. ಶುಕ್ರವಾರ ‘ಮ’ ಅಂತೈತಿ.”

“ಏನದು ಆಂ, ಮ?”

“ಹೆಪ್ಪು. ಯಾರ ಮನಿಂದ ಬಂತು ಅಂತ ಬರದಿಡತೀನಿ. ತಂದ ಹೆಪ್ಪು ಎಂಟು ದಿನದಾಗ ಹಗಲೊತ್ತಿನ್ಯಾಗ ತಿರುಗಿ ಮುಟ್ಟಿಸಬೇಕಲ್ಲ? ಅತ್ತಿಯಾರು ಹೇಳಬಾರ್ದು ಅಂದಾರ, ಬರೀಬಾರ್ದು ಅಂದಿಲ್ಲ.”

ನಾನು ಬಾಗಿಲಿಗೆ ಕಿವಿಗೊಟ್ಟು ನಿಂತೆ. ಒಯ್ದದ್ದು, ತಂದದ್ದು, ಮರಳಿಸಬೇಕಾದ ದಿನ! ನಾನು ಇಪ್ಪತ್ತೆರಡು ವರ್ಷ ಮಾಡಿದ ಕೆಲಸವನ್ನು ನನ್ನ ಹೆಂಡತಿ ಹಾಲಿನ ಕ್ಯಾಲೆಂಡರಿನ ಚೌಕದೊಳಗೆ ಪೆನ್ಸಿಲಿನಲ್ಲಿ ಮಾಡುತ್ತಿದ್ದಳು. ದಿನಾ ಆ ಕ್ಯಾಲೆಂಡರಿನ ಕೆಳಗೇ ನಿಂತು ಕದ್ದು ಮೊಸರು ತಿಂದವನು ನಾನು, ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ.

“ತಂದವ್ರ ಹೆಸರೂ ಬರದೀಯೇನು?”

“ನಿಮ್ಮ ಹೆಸರು ನಾ ಹೆಂಗ ಬರೀಲಿ? ‘ಇವರು’ ಅಂತ ಬರದೀನಿ. ಸೋಮವಾರ ಇವರು. ಶುಕ್ರವಾರ ಇವರು. ಅದರ ಹಿಂದಿನ ವಾರಾನೂ ಇವರು. ಎಲ್ಲಾ ಕಡೆ ಇವರೇ ಅದಾರ. ಬೆಕ್ಕು ಯಾವತ್ತೂ ಹೋಗಿಲ್ಲ.”

ಇನ್ನು ಮುಚ್ಚಿಡುವುದೇನಿತ್ತು? ಎಲ್ಲ ಹೇಳಿದೆ. ಆಂಜಿನಪ್ಪನವರ ಸೀನು, ಗದ್ದದ ಮಾಸ್ಕ್, ಹದಿನೆಂಟು ನಿಮಿಷ. ಕೊನೆಗೆ, ಅನೀಸಾ ತುಂಬಿದ್ದನ್ನು ಅಳಿಸಿದ್ದನ್ನೂ ಹೇಳಿದೆ. ಹೊರಗೆ ಕ್ಯಾಲೆಂಡರಿನ ಹಾಳೆ ಮಗುಚಿದ ಸದ್ದು ಕೇಳಿತು. ಬೈದಿದ್ದರೆ ಚೆನ್ನಾಗಿತ್ತು.

“ಅಳಿಸಿದ್ದು ತಿರುಗಿ ಬರ್ತೈತೇನು?” ಎಂದಳು.

“ಕಸದ ಬುಟ್ಟ್ಯಾಗ ಐತಿ.”

“ತಗೀರಿ ಹೊರಗ. ಆ ಆರೋಗ್ಯ ಕೇಂದ್ರದ ಹುಡುಗಿ ನಂಬರ್ ಹಚ್ಚತೀನಿ.”

ಕೀರ್ತಿ ಒಂದು ಗಂಟೆಯೊಳಗೆ ಬಂದಳು. ನನ್ನನ್ನು ಬೈಯಲಿಲ್ಲ, ಬೈಯುವಷ್ಟು ಪುರುಸೊತ್ತೂ ಅವಳಿಗಿರಲಿಲ್ಲ. ಕಲಾವತಿ ಗೋಡೆಯಿಂದ ಕ್ಯಾಲೆಂಡರನ್ನೇ ಕಿತ್ತು ತಂದು ಗೇಟಿಗೆ ಹಿಡಿದಳು. ಕೀರ್ತಿ ಅದರ ಫೋಟೋ ತೆಗೆದುಕೊಂಡು, ಒಂದೊಂದೇ ಚೌಕ ಓದುತ್ತಾ ಟ್ಯಾಬಿಗೆ ಹಾಕಿದಳು.

“ಮೇಡಂ, ‘ಇವರು’ ಅಂದ್ರೆ ಯಾರು?”

ಕಲಾವತಿ ಒಳಕೋಣೆಯ ಕಿಟಕಿಯ ಕಡೆ ಕೈ ತೋರಿಸಿದಳು. ನಾನು ಕಿಟಕಿಯಲ್ಲಿ ಕೈ ಎತ್ತಿದೆ, ಹಾಜರಿ ಹೇಳುವವನಂತೆ.

“ಪತ್ತೆಯಾದ ವಿಧಾನ ಅಂತ ಒಂದು ಕಾಲಂ ಇದೆ,” ಎಂದಳು ಕೀರ್ತಿ. “ಆ್ಯಪ್, ಫೋನ್ ಕರೆ, ಇತರೆ ಅಂತ. ಇತರೆ ಅಂದ್ರೆ ವಿವರ ಕೇಳತ್ತೆ. ಏನ್ ಹಾಕ್ಲಿ?”

“ಹೆಪ್ಪು ಅಂತ ಹಾಕವ್ವಾ,” ಎಂದಳು ನನ್ನ ತಾಯಿ ಹಿಂದಿನಿಂದ. “ಇನ್ನ ಹೇಳಿದ್ರೂ ನಡೀತೈತಿ. ಮೊಸರು ಕೆಟ್ರ ಕೆಡ್ಲಿ, ಕೂಸು ಉಳೀಲಿ.”

ಬುಧವಾರದ ಸ್ಕ್ಯಾನಿಂಗಿಗೆ ಅನೀಸಾ ಹೋಗಲಿಲ್ಲ. ಎಲ್ಲರ ಮೂಗಿಗೂ ಕಡ್ಡಿ ಹಾಕಿದರು. ಶುಕ್ರವಾರ ಉತ್ತರ ಬಂತು. ನನಗೆ ಪಾಸಿಟಿವ್. ನನ್ನ ತಾಯಿಗೂ ಹೆಂಡತಿಗೂ ಇಲ್ಲ. (ಒಂದೇ ಮನೆಯಲ್ಲಿದ್ದು ಅದು ಹೇಗೆಂದು ಕೀರ್ತಿಯೇ ಬೆರಗಾದಳು. ಮನೆಯಲ್ಲಿ ಅವರ ಮಾತನ್ನು ಯಾರೂ ಹದಿನೆಂಟು ನಿಮಿಷ ನಿಂತು ಕೇಳುವುದಿಲ್ಲ, ಅದಕ್ಕೇ ಇರಬೇಕು ಎಂದು ಕಲಾವತಿ ವಿವರಿಸಿದಳಂತೆ.) ಗಯಾಸ್, ಮಲ್ಕಾ ಇಬ್ಬರಿಗೂ ಇಲ್ಲ. ಅನೀಸಾಳಿಗೆ ಪಾಸಿಟಿವ್.

ಆ ರಿಪೋರ್ಟು ಬಂದ ಮೇಲೆ ಮೇಲಿನ ಮನೆಯಲ್ಲಿ ಒಂದು ಕುರ್ಚಿ ಎಳೆದ ಸದ್ದಾದರೂ ನಾನು ಎದ್ದು ಕೂರುತ್ತಿದ್ದೆ. ಕಲಾವತಿ ದಿನಕ್ಕೆ ನಾಲ್ಕು ಸಲ ಮಲ್ಕಾರಿಗೆ ಫೋನು ಮಾಡಿ, ಬೆರಳಿಗೆ ಹಾಕುವ ಮಷೀನಿನ ಅಂಕಿಯನ್ನು ಬಾಗಿಲಾಚೆಯಿಂದ ನನಗೆ ಕೂಗಿ ಹೇಳುತ್ತಿದ್ದಳು. ತೊಂಬತ್ತೇಳು. ತೊಂಬತ್ತಾರು. ತೊಂಬತ್ತಾರು. ಭಾನುವಾರ ಮಧ್ಯಾಹ್ನ ತೊಂಬತ್ತೆರಡು ಎಂದವಳೇ ಕೀರ್ತಿಗೆ ಫೋನು ಹಚ್ಚಿದಳು. ಬೆಂಗಳೂರಿನಲ್ಲಿ ಆ ದಿನಗಳಲ್ಲಿ ಒಂದು ಬೆಡ್ಡಿಗಾಗಿ ಜನ ಹೇಗೆ ಅಲೆದರೆಂದು ನಿಮಗೂ ಗೊತ್ತು. ಆದರೆ ಅನೀಸಾಳ ಹೆಸರು ಮಂಗಳವಾರದಿಂದಲೇ ಕೀರ್ತಿಯ ಪಟ್ಟಿಯಲ್ಲಿ, ಗರ್ಭಿಣಿ ಎಂಬ ಕೆಂಪು ಗುರುತಿನೊಂದಿಗೆ ಇತ್ತು. ಒಂದೂವರೆ ಗಂಟೆಯಲ್ಲಿ ಆಂಬುಲೆನ್ಸ್ ಬಂತು. ನಾನು ಕಿಟಕಿಯ ಸರಳು ಹಿಡಿದು ನೋಡುತ್ತಿದ್ದೆ. ಮಲ್ಕಾ ಮಗಳ ಚೀಲ ಹಿಡಿದು ಗೇಟಿನವರೆಗೆ ಹೋಗಿ, ಅಲ್ಲಿಂದಾಚೆ ಬಿಡುವುದಿಲ್ಲವೆಂದಾಗ ಬೀದಿಯಲ್ಲೇ ಕುಳಿತುಬಿಟ್ಟರು. ಮೇಲೆ ನೋಡಿದರೆ ನಾನು ಕಾಣುತ್ತಿದ್ದೆ. ಅವರು ನೋಡಲಿಲ್ಲ.

ಆಸ್ಪತ್ರೆಗೆ ಸೇರಿದ ಐದನೆಯ ದಿನ, ತಿಂಗಳು ತುಂಬುವ ಮೊದಲೇ, ಹೆರಿಗೆಯಾಯಿತು. ಹೆಣ್ಣುಮಗು. ಎರಡು ಕಿಲೋದ ಮೇಲೆ ಸ್ವಲ್ಪ. ತಾಯಿ ಮಗು ಇಬ್ಬರೂ ಆರಾಮ ಎಂದು ಕಲಾವತಿ ಬಾಗಿಲ ಆಚೆಯಿಂದ ಹೇಳಿದಾಗ, ನಾನು ಗೋಡೆಗೆ ಮುಖ ಮಾಡಿ ಅತ್ತೆ. ಎರಡು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ಎರಡು ದಿನದ ಮಾತಾಡಿದರು ಅವರು. ನನಗೆ ನನ್ನ ಅರ್ಧ ಗಂಟೆ ನೆನಪಾಯಿತು.

ಆಂಜಿನಪ್ಪನವರೂ ಹದಿನಾಲ್ಕು ದಿನಕ್ಕೆ ಗುಣವಾಗಿ ಬಂದರು. ಗೌರಿ ಮರಳಿದಳು, ಹಾಡು ಮತ್ತೆ ಶುರುವಾಯಿತು. ನನಗೆ ರುಚಿಯೂ ಬಂತು. ಬಂದದ್ದು ಪ್ರಯೋಜನವಾಗಲಿಲ್ಲ. ಮೊಸರಿನ ಗಡಿಗೆ ಈಗ ನನ್ನ ತಾಯಿಯ ಮಂಚದ ಪಕ್ಕದಲ್ಲಿರುತ್ತದೆ.

ಅನೀಸಾ ಮಗುವಿನೊಂದಿಗೆ ತವರಿಗೆ ಮರಳಿದಳು. ನಲವತ್ತು ದಿನ ಕಳೆಯುವವರೆಗೆ ನಾನು ಎರಡನೆಯ ಮಹಡಿಯ ಮೆಟ್ಟಿಲು ಹತ್ತಲಿಲ್ಲ. ಒಂದು ಸಂಜೆ ದೀಪ ಹಚ್ಚಿದ ಮೇಲೆ ಕಲಾವತಿ ಬಟ್ಟಲನ್ನು ನನ್ನ ಕೈಗೆ ಕೊಟ್ಟಳು.

“ನಮ್ಮ ಗಡಿಗೀ ತುಂಬ ಮೊಸರು ಐತಲ್ಲ?”

“ಐತಿ. ನೀವು ಹೋಗಬೇಕಾಗೈತಿ, ಅದಕ್ಕ.”

ಎರಡು ಮಾಸ್ಕ್ ಹಾಕಿಕೊಂಡು, ಮೂಗಿನ ಮೇಲೆ ಒತ್ತಿಕೊಂಡು ಹತ್ತಿದೆ. ಬಾಗಿಲಲ್ಲಿ ನನ್ನ ಕ್ಯೂಆರ್ ಕೋಡು ಇರಲಿಲ್ಲ. ಆ ಜಾಗದಲ್ಲಿ ಮೊಳೆಗೆ ಒಂದು ನೋಟ್‌ಬುಕ್ಕು ನೇತುಹಾಕಿ, ದಾರಕ್ಕೆ ಪೆನ್ನು ಕಟ್ಟಿದ್ದರು. ಮಲ್ಕಾ ಬಾಗಿಲು ತೆರೆದರು. ಏನು ಹೇಳಬೇಕೆಂದು ನಲವತ್ತು ದಿನ ಯೋಚಿಸಿಟ್ಟಿದ್ದೆ.

“ತಪ್ಪಾಯ್ತು ಅಕ್ಕಾ. ಬಹಳ ದೊಡ್ಡ ತಪ್ಪಾಯ್ತು. ಮಗೂನ ಒಂದ್ಸಲ ದೂರದಿಂದ ನೋಡಿ ಹೋಗ್ತೀನಿ,” ಎಂದೆ.

ಅವರು ನೋಟ್‌ಬುಕ್ಕಿನ ಕಡೆ ತೋರಿಸಿದರು.

“ಮೊದ್ಲು ಬರೀರಿ.”

ಬರೆದೆ. ಹೆಸರು: ಶಿವಪ್ರಕಾಶ, ಮೊದಲ ಮಹಡಿ. ಕಾರಣ: ಮಗುವನ್ನು ನೋಡಲು. ಮಾಸ್ಕ್: ಎರಡು. ಸಮಯ: 2 ನಿಮಿಷ.

ಮಲ್ಕಾ ನೋಟ್‌ಬುಕ್ಕನ್ನು ತಮ್ಮ ಕಡೆ ತಿರುಗಿಸಿಕೊಂಡು, ಕನ್ನಡಕ ಸರಿಮಾಡಿ ಒಂದೊಂದೇ ಅಕ್ಷರ ಓದಿದರು. ಓದಿ, ದಾರದ ಪೆನ್ನು ಎಳೆದುಕೊಂಡು, ನನ್ನ ‘2’ನ್ನು ಹೊಡೆದುಹಾಕಿ ಪಕ್ಕದಲ್ಲಿ ‘18’ ಎಂದು ಬರೆದರು.

“ಎರಡು ನಿಮಿಷಕ್ಕೆ ಹೋಗೋ ಆಸಾಮಿನಾ ನೀವು? ರಿಜಿಸ್ಟರಲ್ಲಿ ಸುಳ್ಳು ಬರೀಬಾರ್ದು ಅಂತ ನಮ್ಮ ಅನೀಸಾ ಹೇಳ್ತಾಳೆ,” ಎಂದರು. “ಒಳಗೆ ಬನ್ನಿ ಭಾಯಿಸಾಬ್. ಬಟ್ಲು ಇಲ್ಲಿ ಕೊಡಿ. ಮಾತು ಮಾತ್ರ ಆಡ್ಬೇಡಿ, ಈಗ್ತಾನೆ ಮಲಗಿದೆ.”

ಹದಿನೆಂಟು ನಿಮಿಷ ನಾನು ಒಂದು ಮಾತೂ ಆಡದೆ ಕುಳಿತಿದ್ದೆ. ಒಮ್ಮೆ ಮಾತ್ರ, ಅಡುಗೆಮನೆಯಲ್ಲಿ ಯಾವುದೋ ಪಾತ್ರೆ ಬಿದ್ದಾಗ, ಅಭ್ಯಾಸಬಲದಿಂದ ‘ಸದ್ದು!’ ಎಂದುಬಿಟ್ಟೆ. ಮಗು ಎದ್ದು ಅಳತೊಡಗಿತು. ಅದನ್ನೂ ನೋಟ್‌ಬುಕ್ಕಿನಲ್ಲಿ ನನ್ನ ಹೆಸರಿನ ಮುಂದೆ ಬರೆದಿದ್ದಾರೆ.